ಹಗ್ಗದ ನಡುವೆ ನಿಂತ ನಾಗಪ್ಪ

1963ರಲ್ಲಿ ನಾನು ಸೈನ್ಯದ ಎಂಜಿನಿಯರ್ ದಳದಿಂದ ಹವಾಲ್ದಾರನಾಗಿ ನಿವೃತ್ತಿ ಹೊಂದಿ ಊರಿಗೆ ಬಂದೆ. ಮುಂಡಗೋಡ ತಾಲೂಕಿನ ಪಾಳಾ ನನ್ನ ಊರು. ಹೊಲವನ್ನು ಅಣ್ಣ ನೋಡಿಕೊಂಡಿದ್ದ. ಅಲ್ಲಿ ನನಗೆ ಮಾಡಲು ಹೆಚ್ಚಿನ ಕೆಲಸವಿರಲಿಲ್ಲ. ದಳದಲ್ಲಿ ನಾನು ಕಲಿತದ್ದು ಒಂದೇ ವಿದ್ಯೆ. ಹೊಳೆ ಅಡ್ಡ ಬರಲಿ, ಕೊಳ್ಳ ಅಡ್ಡ ಬರಲಿ, ಹಗ್ಗ ಕಟ್ಟಿ ಮನುಷ್ಯರನ್ನು ಆಚೆ ದಾಟಿಸುವುದು. ಆ ವಿದ್ಯೆಯಿಂದ ಊರಿನಲ್ಲಿಯೂ ಹೊಟ್ಟೆ ಹೊರೆಯಬಹುದೆಂದು ಹೇಳಿದವನು ಬಸ್ತ್ಯಾಂವ ಸಿದ್ದಿ.

ಬಸ್ತ್ಯಾಂವ ಹಳಿಯಾಳ ತಾಲೂಕಿನ ಕಾಡಂಚಿನ ಹಳ್ಳಿಯ ಕ್ರೈಸ್ತ ಸಿದ್ದಿ. ನನ್ನ ದಳದಲ್ಲೇ, ನನಗಿಂತ ಒಂದು ದರ್ಜೆ ಕೆಳಗೆ, ನಾಯಕ್ ಆಗಿದ್ದ. ನನಗಿಂತ ಒಂದು ವರ್ಷ ಮೊದಲೇ ಸೈನ್ಯ ಬಿಟ್ಟು ಬಂದು ದಾಂಡೇಲಿಯಲ್ಲಿ ಕಟ್ಟಿಗೆ ಡಿಪೋದ ಕೆಲಸ ಮಾಡಿಕೊಂಡಿದ್ದ. ಕಾಗದದ ಗಿರಣಿ ಬಂದಮೇಲೆ ಆ ಊರಿನಲ್ಲಿ ಧಾರವಾಡ, ಬೆಳಗಾವಿ ಕಡೆಯ ಜನ ತುಂಬಿಕೊಂಡಿದ್ದರು. ಪಾಳಿ ಮುಗಿದರೆ ಇಸ್ಪೀಟು, ರವಿವಾರ ಬಂದರೆ ನಿದ್ದೆ.

"ಇವರ ಕೈಕಾಲಿಗೆ ಜಂಗ್ ಹಿಡದೈತಿ, ಹವಾಲ್ದಾರ್ರ" ಎಂದ ಬಸ್ತ್ಯಾಂವ. "ಊರ ಸುತ್ತ ಇಷ್ಟ ಕಾಡ ಐತಿ. ಒಬ್ಬಾಂವರ ಒಳಗ ಹೋಗಿ ಬಂದಾನೇನು ಕೇಳಿ ನೋಡ್ರಿ. ದಳಕ್ಕ ಹೊಸದಾಗಿ ಬಂದ ರಂಗರೂಟರಿಗೆ ಮಾಡಸ್ತಿದ್ವೆಲ್ಲ, ಅದನ್ನ ಇವರಿಗೆ ಮಾಡಸೂಣು."

ಹೀಗೆ ನಾವಿಬ್ಬರೂ ಸಮಪಾಲಿನಲ್ಲಿ ಸೇರಿ ಒಂದು ಸಣ್ಣ ಉದ್ಯೋಗ ಶುರುಮಾಡಿದೆವು. ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಕೋಣೆ ಹಿಡಿದು 'ದೊಡ್ಡವರ ಸಾಹಸ ಶಿಬಿರ' ಎಂದು ಬೋರ್ಡು ಬರೆಸಿದೆವು. ಮಕ್ಕಳಿಗಾದರೆ ಸ್ಕೌಟು ಇತ್ತು, ಶಾಲೆಯ ಆಟ ಇತ್ತು. ಸಂಸಾರಕ್ಕೆ ಬಿದ್ದ ಮನುಷ್ಯನಿಗೆ ತನ್ನ ಎದೆಗಾರಿಕೆಯನ್ನು ಪರೀಕ್ಷೆ ಮಾಡಿಕೊಳ್ಳಲು ಯಾವ ಜಾಗವೂ ಇರಲಿಲ್ಲ. ನಮ್ಮಲ್ಲಿ ಬಂಡೆ ಹತ್ತುವುದು, ಕಾಡಿನಲ್ಲಿ ಒಂದು ಹಗಲು ಒಬ್ಬನೇ ಕೂತಿರುವುದು, ಹಗ್ಗದ ಮೇಲೆ ಕಾಳಿ ಹೊಳೆ ದಾಟುವುದು, ಈ ಮೂರು ಪರೀಕ್ಷೆಗಳಿದ್ದವು. ಅರಣ್ಯ ಇಲಾಖೆಯ ಅಪ್ಪಣೆಗೆ ಒಂದು ಮಳೆಗಾಲವಿಡೀ ಓಡಾಡಿದೆವು. "ಹುಲಿ ಅಂದ್ರ ಮಂದಿ ಕಾಡ ಬಿಟ್ಟು ಓಡ್ತಾರ, ನೀವು ಒಳಗ ಕರಕೊಂಡು ಹೋಗ್ತೀರೇನು?" ಎಂದು ಅಲ್ಲಿಯ ಗುಮಾಸ್ತರು ನಕ್ಕಿದ್ದರು.

ಮೊದಲ ವರ್ಷ ಬಂದವರು ಕಡಿಮೆ. ಆಮೇಲೆ ಬಾಯಿಂದ ಬಾಯಿಗೆ ಸುದ್ದಿ ಹಬ್ಬಿತು. ಹಳಿಯಾಳದಿಂದ ಕನ್ಯಾಶಾಲೆಯ ಹೆಡ್‌ಮಿಸ್ಟ್ರೆಸ್ ಒಬ್ಬರು ಬಂದು, ಕಚ್ಚೆ ಬಿಗಿದು, ಹೊಳೆ ದಾಟಿ ಆ ದಂಡೆಯಲ್ಲಿ ಕೂತು ಚಿಕ್ಕ ಹುಡುಗಿಯ ಹಾಗೆ ಬಿದ್ದುಬಿದ್ದು ನಕ್ಕರು. ಅಂಥ ಮುಖಗಳನ್ನು ನೋಡುವುದೇ ನಮ್ಮ ಸಂತೋಷವಾಗಿತ್ತು. ಆದರೆ ಈಗ ಆ ದಿನಗಳನ್ನು ನೆನೆದಾಗ ಮೊದಲು ಕಣ್ಣಿಗೆ ಬರುವುದು ಆ ನಗು ಅಲ್ಲ. ಮೊದಲು ಬರುವವನು ನಾಗಪ್ಪ ಬಡಿಗೇರ.

1965ರ ದೀಪಾವಳಿ ಮುಗಿದಿತ್ತು. ಮಳೆ ನಿಂತು ಹೊಳೆ ತನ್ನ ಪಾತ್ರಕ್ಕೆ ಇಳಿದಿತ್ತು. ಐವತ್ತರ ಆಸುಪಾಸಿನ ಗಿಡ್ಡ, ಗಟ್ಟಿಮುಟ್ಟು ಮನುಷ್ಯ ನಮ್ಮ ಕೋಣೆಗೆ ಬಂದ. ಕಲಘಟಗಿ ಕಡೆಯವನು. ಕಾಗದದ ಗಿರಣಿಯಲ್ಲಿ ಬಡಗಿ ಕೆಲಸ ಎಂದ. ಕೈಬೆರಳುಗಳ ಸಂದಿನಲ್ಲಿ ಇನ್ನೂ ಮರದ ಹೊಟ್ಟು ಅಂಟಿಕೊಂಡಿತ್ತು.

"ನೀವು ಹಗ್ಗಾ ಕಟ್ಟೂದು ಎಲ್ಲಿರಿ?" ಎಂದು ಕೇಳಿದ.

ದಾಂಡೇಲಿಯಿಂದ ಸೂಪಾ ಕಡೆಗೆ ಹೋಗುವ ದಾರಿಯಲ್ಲಿ, ಎರಡು ಬಂಡೆಗಳ ನಡುವೆ ಹೊಳೆ ಕಿರಿದಾಗುವ ಜಾಗವದು. ಈಗಿನ ಜೋಯಿಡಾ ತಾಲೂಕಿಗೆ ಆಗ ಸೂಪಾ ತಾಲೂಕು ಎಂದೇ ಹೆಸರು. ನಾನು ಗುರುತು ಹೇಳಿದೆ. ನಾಗಪ್ಪ ತಲೆಯಾಡಿಸಿದ.

"ಹಂಗಾದ್ರ ನನ್ನೂ ದಾಟಸ್ರಿ" ಎಂದ. ಬಂಡೆಯ ಬಗ್ಗೆ, ಕಾಡಿನ ಬಗ್ಗೆ ಒಂದು ಮಾತನ್ನೂ ಕೇಳಲಿಲ್ಲ.

ದಾಟುವ ಬಗೆಯನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಇದಕ್ಕೆ ಟೂ ರೋಪ್ ಬ್ರಿಡ್ಜ್ ಎನ್ನುತ್ತಾರೆ. ಎರಡೂ ದಂಡೆಯ ಗಟ್ಟಿ ಮರಗಳಿಗೆ ದಪ್ಪ ಮನಿಲಾ ನಾರಿನ ಹಗ್ಗಗಳನ್ನು ಒಂದರ ಮೇಲೊಂದು ಬಿಗಿಯುತ್ತೇವೆ. ಕೆಳಗಿನ ಹಗ್ಗದ ಮೇಲೆ ಕಾಲಿಟ್ಟು, ಎದೆಮಟ್ಟದ ಮೇಲಿನ ಹಗ್ಗವನ್ನು ಹಿಡಿದು, ಹೊಳೆ ಹರಿದು ಬರುವ ದಿಕ್ಕಿಗೆ ಮುಖ ಮಾಡಿ ಅಡ್ಡಡ್ಡವಾಗಿ ಸರಿಯಬೇಕು. ಸೊಂಟದ ಪಟ್ಟಿಯಿಂದ ಒಂದು ಗಿಡ್ಡ ಹಗ್ಗ, ಅದರ ತುದಿಗೆ ಸ್ಪ್ರಿಂಗ್ ಬಾಯಿಯ ಉಕ್ಕಿನ ಕೊಂಡಿ. ಅದಕ್ಕೆ ಕ್ಯಾರಬಿನರ್ ಎಂದು ಹೆಸರು. ಆ ಕೊಂಡಿ ಮೇಲಿನ ಹಗ್ಗಕ್ಕೆ ಸಿಕ್ಕಿಕೊಂಡಿರುವತನಕ ಕಾಲು ಜಾರಿದರೂ ಮನುಷ್ಯ ನೀರಿಗೆ ಬೀಳುವುದಿಲ್ಲ. ನಡುವೆ ಒಬ್ಬನಿದ್ದಾಗ ಎರಡನೆಯವನು ಹಗ್ಗಕ್ಕೆ ಕಾಲಿಡಬಾರದು. ಇಟ್ಟರೆ ಇಬ್ಬರ ಭಾರಕ್ಕೆ ಹಗ್ಗ ಜೋಲಿ ಹೊಡೆದು ನಡುವಿನವನ ಆಯ ತಪ್ಪುತ್ತದೆ.

ಆ ರವಿವಾರ ಬೆಳಗ್ಗೆ ನಾಗಪ್ಪನ ಜೊತೆ ಗಿರಣಿಯ ಇನ್ನೂ ಕೆಲವರು ಬಂದಿದ್ದರು. ಬಸ್ತ್ಯಾಂವ ಆಚೆ ದಂಡೆಯಲ್ಲಿದ್ದ. ಅಲ್ಲಿ ಹಗ್ಗ ಕಟ್ಟಿದ ಮರ ಬಂಡೆಯ ಮರೆಯಲ್ಲಿತ್ತು. ಅವನು ಗಂಟು ನೋಡಲು ಹಿಂದಕ್ಕೆ ಹೋದರೆ ಈಚೆಯವರಿಗೆ ಕಾಣುತ್ತಿರಲಿಲ್ಲ. ನಾನು ಈಚೆ ದಂಡೆಯಲ್ಲಿ ನಿಂತು ಒಬ್ಬೊಬ್ಬರನ್ನೇ ಬಿಡುತ್ತಿದ್ದೆ. ಮೊದಲು ನಾಗಪ್ಪನೇ ಮುಂದೆ ಬಂದ.

ಅವನು ಚೆನ್ನಾಗಿ ಸರಿದ. ಬಡಗಿಯ ಕಾಲು, ಏಣಿಯ ಮೇಲೆ ನಿಂತು ರೂಢಿ. ಹೊಳೆಯ ನಡುಮಧ್ಯಕ್ಕೆ ಹೋಗಿ ನಿಂತ. ದಣಿವಾಗಿ ನಿಂತಿರಬೇಕೆಂದುಕೊಂಡೆ. ಆಮೇಲೆ ಅವನು ಕತ್ತು ಹೊರಳಿಸಿ ಹೊಳೆ ಹರಿದು ಹೋಗುವ ಕಡೆ ನೋಡಿದ. ನೀರು ಅಲ್ಲಿ ಬಂಡೆಗೆ ಬಡಿದು ಸುತ್ತಿಕೊಂಡು ಕಪ್ಪಗೆ ಆಳವಾಗುತ್ತಿತ್ತು.

"ಮೌನೇಶಾ!" ಎಂದು ಕೂಗಿದ.

ಈಚೆ ದಂಡೆಯಲ್ಲಿ ಮಾತಾಡುತ್ತಿದ್ದವರು ಎದ್ದು ನಿಂತರು.

"ಮಗನ, ಎಲ್ಲಿ ಅದೀಯೋ? ಒಮ್ಮೆ ಓ ಅನ್ನೋ!"

ಗಿರಣಿಯವರಲ್ಲಿ ಒಬ್ಬ ನನ್ನ ತೋಳು ಹಿಡಿದು ಅವಸರದಲ್ಲಿ ಹೇಳಿದ. ಮೌನೇಶ ನಾಗಪ್ಪನ ಒಬ್ಬನೇ ಮಗ. ಗುತ್ತಿಗೆದಾರನೊಬ್ಬನ ಕೈಕೆಳಗೆ ಬಿದಿರು ಕಡಿಯುತ್ತಿದ್ದ. ಹಿಂದಿನ ವರ್ಷ ಜೂನಿನಲ್ಲಿ ಮಿರಗದ ಮಳೆ ಹಿಡಿದ ದಿನ ತೆಪ್ಪದ ಮೇಲೆ ಇದೇ ಜಾಗದಲ್ಲಿ ಹೊಳೆ ದಾಟುವಾಗ ಸೆಳವಿಗೆ ಸಿಕ್ಕ. ಉಳಿದವರು ಟೊಂಗೆ ಹಿಡಿದು ಪಾರಾದರು. ಮೌನೇಶನ ಹೆಣ ಸಹ ಸಿಗಲಿಲ್ಲ.

ನಾನು ತಿರುಗಿ ನೋಡುವಷ್ಟರಲ್ಲಿ ನಾಗಪ್ಪನ ಬಲಗೈ ಮೇಲಿನ ಹಗ್ಗವನ್ನು ಬಿಟ್ಟಿತ್ತು. ಅದು ಕೊಂಡಿಯ ಬಾಯಿಯನ್ನು ತಡಕುತ್ತಿತ್ತು.

"ನಾಗಪ್ಪ, ಕೊಂಡಿಗೆ ಕೈ ಹಚ್ಚಬ್ಯಾಡ್ರಿ! ನನ್ನ ಕಡೆ ನೋಡ್ರಿ!" ಎಂದು ಚೀರಿದೆ. ಅವನು ನೋಡಲಿಲ್ಲ. ಹಗ್ಗದ ಮೇಲೆ ಹೋಗೋಣವೆಂದರೆ ನನ್ನ ಕಾಲಿನ ಅದುರೇ ಅವನನ್ನು ಕೆಡವಬಹುದಿತ್ತು. ನನ್ನ ವೃತ್ತಿಯಲ್ಲಿ ಅಷ್ಟು ಅಸಹಾಯಕನಾಗಿ ನಾನು ಇನ್ನೆಲ್ಲಿಯೂ ನಿಂತಿಲ್ಲ.

ಆಗ ಆಚೆಯಿಂದ ಒಂದು ಕೂಗು ಬಂತು.

"ಅಪ್ಪಾ! ಈ ಕಡೆ ಬಾ!"

ಎಳೆಯ ದನಿ, ಎತ್ತರದ ದನಿ. ಬಂಡೆಗೆ ಬಡಿದು ನೀರಿನ ಮೇಲೆಲ್ಲ ಹರಡಿಕೊಂಡು ಬಂತು. ನನ್ನ ಹಿಂದೆ ಯಾರೋ ದೇವರ ಹೆಸರು ಹೇಳತೊಡಗಿದರು. ಅದು ಬಸ್ತ್ಯಾಂವನೇ ಇರಬೇಕೆಂದು ನನಗೆ ಹೊಳೆಯಲು ಒಂದು ಕ್ಷಣ ಬೇಕಾಯಿತು. ಅಷ್ಟು ವರ್ಷಗಳ ಒಡನಾಟದಲ್ಲಿ ಅವನ ಗಂಟಲಿನಿಂದ ಅಂಥ ದನಿ ಹೊರಟದ್ದನ್ನು ನಾನು ಕೇಳಿರಲಿಲ್ಲ.

ನಾಗಪ್ಪನ ಕೈ ಕೊಂಡಿಯನ್ನು ಬಿಟ್ಟು ಮೇಲಿನ ಹಗ್ಗಕ್ಕೆ ಹೋಯಿತು.

"ಬಾ ಅಪ್ಪಾ!" ಎಂದು ದನಿ ಮತ್ತೆ ಕರೆಯಿತು.

ಅವನು ಸರಿಯತೊಡಗಿದ. ಆಚೆ ದಂಡೆ ಮುಟ್ಟಿದಾಗ ಬಸ್ತ್ಯಾಂವ ಬಂಡೆಯ ಮರೆಯಿಂದ ಬಂದು ಅವನ ಸೊಂಟದ ಪಟ್ಟಿಗೆ ಕೈಹಾಕಿ ಎಳೆದುಕೊಂಡ. ಉಳಿದವರನ್ನು ಅಲ್ಲೇ ಕೂರಿಸಿ ನಾನೂ ದಾಟಿ ಹೋದೆ. ನಾಗಪ್ಪ ಮರಳಿನ ಮೇಲೆ ಕೂತಿದ್ದ. ಅಳುತ್ತಿರಲಿಲ್ಲ.

"ಕೊಂಡಿಗೆ ಯಾಕ ಕೈ ಹಾಕಿದ್ರಿ?" ಎಂದು ಕೇಳಿದೆ.

"ಬಗ್ಗಿ ನೋಡೂದಿತ್ರಿ, ಬಗ್ಗಾಕ ಬರವಲ್ದಾಗಿತ್ತು" ಎಂದ. ಕೈಯ ಮರಳು ಒರೆಸಿಕೊಳ್ಳುತ್ತ, "ಜಿಗೀಬೇಕಂತ ಬಂದಿರಲಿಲ್ರಿ. ಅಲ್ಲಿ ನಿಂತಮ್ಯಾಲ ಏನಾತೋ, ನನಗ ಹೇಳಾಕ ಆಗೂದಿಲ್ಲ" ಎಂದ.

ಕರೆದವರು ಯಾರೆಂದು ಅವನು ಕೇಳಲಿಲ್ಲ. ಬಸ್ತ್ಯಾಂವನ ಮುಖವನ್ನು ಒಮ್ಮೆ ದಿಟ್ಟಿಸಿ ನೋಡಿದ, ಅಷ್ಟೇ. ರಸ್ತೆ ಸುತ್ತಿ ಅವನನ್ನು ಊರಿಗೆ ಕರೆತಂದು ಮನೆಯ ಬಾಗಿಲತನಕ ಮುಟ್ಟಿಸಿದೆವು.

ಒಂದು ಜೀವ ಉಳಿಯಿತು, ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಬಸ್ತ್ಯಾಂವನಿಗೆ ಮುಗಿದಿರಲಿಲ್ಲ. ಅವನು ಇಗರ್ಜಿಗೆ ಹೋಗಿ ಮೇಣದಬತ್ತಿ ಹಚ್ಚಿ ಬಂದ. ಹಳ್ಳಿಗೆ ಹೋಗಿ ಸಿದ್ದಿಗಳ ವಾಡಿಕೆಯಂತೆ ತನ್ನ ಹಿರಿಯರಿಗೆ ಕಾಯಿ ಒಡೆದು ಬಂದ. ಆದರೂ ಮುಖದ ಮೇಲೆ ಕಳೆ ಇರಲಿಲ್ಲ.

"ನಾ ವಿಚಾರ ಮಾಡಿ ಕೂಗಲಿಲ್ಲ, ಹವಾಲ್ದಾರ್ರ" ಎಂದ ಒಂದು ದಿನ, ಹಗ್ಗ ಸುತ್ತಿಡುತ್ತ. "ಬಾಯಾಗಿಂದ ತಾನ ಬಂತು. ಸತ್ತಾಂವನ ಜಾಗಾದಾಗ ನಿಂತು ಅವರಪ್ಪಗ ಓ ಅಂದೇನಿ. ಅಂವಾ ಅಲ್ಲೇ ಇದ್ರ ಏನಂದುಕೊಂಡಿರಬೇಕು?"

"ನೀ ಕೂಗದಿದ್ರ ಅಪ್ಪ ಮಗ ಇಬ್ಬರೂ ಅಲ್ಲೇ ಇರ್ತಿದ್ರು" ಎಂದೆ. ಅವನಿಗೆ ಅದರಿಂದ ಸಮಾಧಾನವಾಗಲಿಲ್ಲ. ನಿಜ ಹೇಳುವುದಾದರೆ ನನಗೂ ಆಗಲಿಲ್ಲ. ಹೊಳೆಯ ಹತ್ತಿರ ಕೆಲಸ ಮಾಡುವಾಗ ನೀರಿನ ಸಪ್ಪಳದಲ್ಲಿ 'ಅಪ್ಪಾ' ಎಂಬಂಥದ್ದೇನೋ ಕೇಳಿಸಿ ತಲೆ ಎತ್ತುತ್ತಿದ್ದೆ. ಬಸ್ತ್ಯಾಂವನೂ ಅದೇ ಹೊತ್ತಿಗೆ ತಲೆ ಎತ್ತಿರುತ್ತಿದ್ದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಮತ್ತೆ ಕೆಲಸಕ್ಕೆ ಬಗ್ಗುತ್ತಿದ್ದೆವು.

ಅಷ್ಟರಲ್ಲಿ ಸುದ್ದಿ ಕಾರ್ಮಿಕರ ಚಾಳುಗಳನ್ನೆಲ್ಲ ಸುತ್ತಿತ್ತು. ಆ ದಿನ ಈಚೆ ದಂಡೆಯಲ್ಲಿದ್ದವರು ಬಸ್ತ್ಯಾಂವ ಕೂಗಿದ್ದನ್ನು ಕಣ್ಣಾರೆ ನೋಡಿರಲಿಲ್ಲ. ದನಿಯನ್ನಷ್ಟೇ ಕೇಳಿದ್ದರು. ಹೊಳೆಯಲ್ಲಿ ಹೋದ ಹುಡುಗ ಅಪ್ಪನನ್ನು ಕರೆದು ಜೀವ ಉಳಿಸಿದ ಎಂದು ಅವರು ಹೇಳಿದರು, ಕೇಳಿದವರು ನಂಬಿದರು.

ಒಂದು ಮುಂಜಾನೆ ನಾಗಪ್ಪನ ಹೆಂಡತಿ ಗಂಗವ್ವ ಬಂದಳು. ಕೈಯಲ್ಲಿ ಬಿಳಿ ಅರಿವೆಯ ಗಂಟು. ಕೋಣೆಯ ಹೊಸ್ತಿಲ ಹೊರಗೇ ನಿಂತು ಗಂಟನ್ನು ಮುಂದೆ ಚಾಚಿದಳು.

"ಶೇಂಗಾದ ಹೋಳಿಗಿ ಅದಾವ್ರಿ. ಅವಗ ಭಾಳ ಸೇರ್ತಾವು. ಹೊಳಿ ಆಚಿ ದಂಡಿಮ್ಯಾಲ ಇಟ್ಟು ಬರ್ರಿ, ನಿಮಗ ಪುಣ್ಯಾ ಬರ್ತೈತಿ."

ಬಸ್ತ್ಯಾಂವ ಎದ್ದು ಬಂದ. ಎಲ್ಲವನ್ನೂ ಹೇಳಿಬಿಡುತ್ತಾನೆ ಎಂದುಕೊಂಡೆ. ಆದರೆ ಅವನು ಅವಳ ಮುಖ ನೋಡಿದ. ಎರಡೂ ಕೈ ಚಾಚಿ ಗಂಟನ್ನು ತೆಗೆದುಕೊಂಡ.

"ಏನಂತಾನ್ರೀ?" ಎಂದು ಅವಳು ಕೇಳಿದಳು. "ಥಂಡಿ ಆಗತೈತಿ ಅಂತಾನೇನು?"

ಬಸ್ತ್ಯಾಂವ ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತ. ಆಮೇಲೆ ಆ ಗಂಟನ್ನು ಅವನು ಹೊಳೆಯ ಆಚೆ ಇಟ್ಟು ಬಂದದ್ದು ನನಗೆ ಗೊತ್ತು.

ಮುಂದಿನ ವಾರಗಳಲ್ಲಿ ನಮ್ಮ ಬಾಗಿಲಿಗೆ ಬಂದವರಲ್ಲಿ ಹೆಚ್ಚಿನವರಿಗೆ ಸಾಹಸ ಬೇಕಿರಲಿಲ್ಲ. ಚಿಗಳ್ಳಿಯಿಂದ ಬಂದ ಒಬ್ಬ ಬಾಣಂತಿತನದಲ್ಲಿ ತೀರಿಕೊಂಡ ಹೆಂಡತಿಯನ್ನು ಮಾತಾಡಿಸಬೇಕೆಂದ. ಗಿರಣಿಯ ಒಬ್ಬ ಮುದುಕ ತನ್ನ ಅವ್ವ ಯಾವ ದಂಡೆಯಲ್ಲಿ ಬರುತ್ತಾಳೆ ಎಂದು ವಿಚಾರಿಸಿದ. ಕರೆದದ್ದು ಬಸ್ತ್ಯಾಂವ ಎಂದು ನಾನು ಒಬ್ಬೊಬ್ಬರಿಗೂ ಹೇಳಿದೆ. ಯಾರೂ ನಂಬಲಿಲ್ಲ. ಹೊಳೆಯ ದೆವ್ವಕ್ಕೆ ಅಂಜಿ ಮುಚ್ಚಿಡುತ್ತಿದ್ದಾರೆ ಎಂದರು. ಕೊನೆಗೆ ನಾವು ಆ ಜಾಗದ ಹಗ್ಗವನ್ನು ಬಿಚ್ಚಿ ತಂದೆವು. ಉಳಿದ ಋತುವನ್ನು ಬಂಡೆ ಹತ್ತಿಸುವುದರಲ್ಲೇ ಕಳೆದೆವು.

ಮರುವರ್ಷ, ಮಳೆಗಾಲ ಕಳೆದ ಮೇಲೆ ನಾಗಪ್ಪ ಮತ್ತೆ ಬಂದ. ತಲೆ ಪೂರ್ತಿ ಬೆಳ್ಳಗಾಗಿತ್ತು. ಈ ಸಲ ಅವನು ಬಸ್ತ್ಯಾಂವನ ಎದುರಿಗೆ ಕೂತ.

"ಅವತ್ತ ಕರದವರು ನೀವ ಅಂತ ನನಗ ಅವತ್ತ ಗೊತ್ತಾಗಿತ್ರಿ" ಎಂದ.

ಬಸ್ತ್ಯಾಂವ ತಲೆ ತಗ್ಗಿಸಿದ.

"ನಮ್ಮದು ಕೂಡು ಮನಿ. ಅಣ್ಣನ ಮಕ್ಕಳು ನನಗ ಕಾಕಾ ಅಂತಾರ. ಅದನ್ನ ಕೇಳಿ ಕೇಳಿ ಮೌನೇಶನೂ ಕಾಕಾ ಅಂತಿದ್ದ. ಹುಟ್ಟಿದಾಗಿಂದ ಒಮ್ಮೆರ ನನಗ ಅಪ್ಪಾ ಅಂದಾವನಲ್ಲ."

ನನಗೆ ತಡೆಯಲಾಗದೆ, "ಹಂಗಾದ್ರ ಯಾಕ ಸರದು ಬಂದ್ರಿ?" ಎಂದೆ.

"ಯಾರೋ ಒಬ್ಬರು ಅಷ್ಟ ಜೀವಾ ಹಿಡಕೊಂಡು ಕರಿಯಾಕತ್ತಿದ್ರು. ಬರದ ಹೆಂಗಿರಬೇಕು?" ಎಂದ ನಾಗಪ್ಪ. "ನನ್ನ ತ್ರಾಸ ಅದಲ್ರಿ. ಗಂಗವ್ವ ನಂಬ್ಯಾಳ. ದಿನಾ ಅವಗಂತ ಗಂಗಾಳದಾಗ ಉಣ್ಣಾಕ ಹಚ್ಚಿ ಇಡ್ತಾಳ. ಬಾಗಿಲಾ ಹಾಕಗೊಡೂದಿಲ್ಲ. ನಾ ಏನ ಹೇಳಿದ್ರೂ, ನಿಮಗ ಕಿವಿ ಕೇಳಸೂದಿಲ್ಲ ಅಂತಾಳ. ಒಂದ ಸಲ ಆಕಿನ್ನ ದಂಡಿಮ್ಯಾಲ ಕುಂಡ್ರಿಸಿ, ನಾ ಹಗ್ಗದ ಮ್ಯಾಲ ನಿಂತು ಕರೀತೇನಿ. ಈ ಸಲ ಯಾರೂ ಓ ಅನಬ್ಯಾಡ್ರಿ."

ನಾನು ಆಗುವುದಿಲ್ಲ ಎಂದೆ. ಅದೇ ಹೊಳೆ, ಅದೇ ಹಗ್ಗ, ಅದೇ ಮನುಷ್ಯ. ಕೊಂಡಿಯ ಮೇಲೆ ಅವನ ಕೈ ಹೇಗೆ ಆಡಿತ್ತೆಂಬುದು ನನ್ನ ಕಣ್ಣಿನಲ್ಲಿತ್ತು. ಆದರೆ ಬಸ್ತ್ಯಾಂವ ನನ್ನನ್ನು ಹೊರಗೆ ಕರೆದುಕೊಂಡು ಹೋದ.

"ಕಟ್ಟೂಣು, ಹವಾಲ್ದಾರ್ರ. ಇಲ್ಲಂದ್ರ ಆ ತಾಯಿ ಸಾಯೂತನಕಾ ನನ್ನ ದನಿಗೆ ರೊಟ್ಟಿ ಬಡದ ಇಡ್ತಾಳ" ಎಂದ.

ಕಟ್ಟಿದೆವು. ಈ ಸಲ ಕೊಂಡಿಯ ಬಾಯಿಗೆ ತಂತಿ ಸುತ್ತಿ ಬರಿಗೈಯಿಂದ ಬಿಚ್ಚಲಾಗದಂತೆ ಮಾಡಿದೆ. ನಾಗಪ್ಪನ ಸೊಂಟಕ್ಕೆ ಇನ್ನೊಂದು ಉದ್ದದ ಹಗ್ಗ ಬಿಗಿದು ಅದರ ತುದಿಯನ್ನು ನನ್ನ ಮೈಗೇ ಸುತ್ತಿಕೊಂಡೆ. ಬಸ್ತ್ಯಾಂವ ಆಚೆ ಹೋಗಿ ಬಂಡೆಯ ಮೇಲೆ, ಎಲ್ಲರಿಗೂ ಕಾಣುವಂತೆ ನಿಂತ. ಕೊರಳಿನ ಟವೆಲ್ಲನ್ನು ಮುದ್ದೆ ಮಾಡಿ ಹಲ್ಲಿನಲ್ಲಿ ಕಚ್ಚಿಕೊಂಡಿದ್ದ. ಗಂಗವ್ವ ನನ್ನ ಪಕ್ಕದಲ್ಲಿ ಕೂತಳು. ಮಗ್ಗುಲಲ್ಲಿ ಹೋಳಿಗೆಯ ಗಂಟು.

ನಡುಹಗಲು. ಬಿಸಿಲು ನೀರಿನ ಮೇಲೆ ಬಿದ್ದು ಕಣ್ಣು ಕುಕ್ಕುತ್ತಿತ್ತು. ನಾಗಪ್ಪ ಸರಿದು ಹೋಗಿ ಹೊಳೆಯ ನಡುವೆ ನಿಂತ.

"ಮೌನೇಶಾ!"

ಬಂಡೆ ಅದನ್ನು ಒಮ್ಮೆ ತಿರುಗಿ ಹೇಳಿತು. ನೀರಿನ ಸಪ್ಪಳ ಮುಂದುವರಿಯಿತು. ಗಂಗವ್ವನ ಮುಖ ಅರಳಿ ಹಾಗೆಯೇ ನಿಂತಿತ್ತು.

"ಮೌನೇಶಾ, ಓ ಅನ್ನೋ!"

ಏನೂ ಇಲ್ಲ. ಬಸ್ತ್ಯಾಂವ ಟವೆಲ್ಲನ್ನು ಎರಡೂ ಕೈಯಿಂದ ಬಾಯಿಗೆ ಒತ್ತಿಕೊಂಡ. ನನ್ನ ಗಂಟಲಿನಲ್ಲಿಯೇ ಒಂದು 'ಓ' ಬಂದು ಕೂತಿತ್ತು. ಅದನ್ನು ನುಂಗಲು ನಾನು ಪಟ್ಟ ಪಾಡು ಯಾವ ಹಗ್ಗದ ಮೇಲೂ ಪಟ್ಟಿಲ್ಲ.

ಗಂಗವ್ವ ಎದ್ದಳು. ನೀರಿನ ಅಂಚಿಗೆ ಹೋಗಿ ನಿಂತು, ಮನೆಯ ಕಟ್ಟೆಯ ಮೇಲಿಂದ ಓಣಿಗೆ ಕರೆಯುವ ಹಾಗೆ ಕರೆದಳು.

"ಮೌನ್ಯಾ, ಉಣ್ಣಾಕ ಬಾರೋ! ಆರತೈತಿ!"

ಅವಳು ಬಹಳ ಹೊತ್ತು ಕಾದಳು. ನಾವೂ ಕಾದೆವು. ಹಗ್ಗದ ಮೇಲೆ ನಾಗಪ್ಪನೂ ಕಾದ. ಹೊಳೆ ತನ್ನ ಪಾಡಿಗೆ ಹರಿಯಿತು. ಎಷ್ಟೋ ಹೊತ್ತಾದ ಮೇಲೆ ಅವಳ ಭುಜ ಇಳಿಯಿತು. ಗಂಟು ಬಿಚ್ಚಿ, ಹೋಳಿಗೆಗಳನ್ನು ಒಂದೊಂದಾಗಿ ನೀರಿಗೆ ಬಿಟ್ಟಳು. ಅವು ತೇಲಿ, ಸುಳಿಯ ಹತ್ತಿರ ಹೋಗಿ ಮುಳುಗಿದವು. ಆಗ ಅವಳು ಮುಖ ಎತ್ತಿ ಗಂಡನನ್ನು ನೋಡಿದಳು. ಅಷ್ಟು ಹೊತ್ತು ಅವನು ಅಲ್ಲಿದ್ದದ್ದೇ ಅವಳಿಗೆ ಕಂಡಿರಲಿಲ್ಲವೇನೋ.

"ಸಾಕ್ರೀ ಇನ್ನ" ಎಂದಳು. "ನೀವರ ಈ ಕಡೆ ಬರ್ರಿ."

ನಾಗಪ್ಪ ಕೈಬದಲಾಯಿಸಿ, ಅವಳಿದ್ದ ದಂಡೆಗೆ ಮೆಲ್ಲಗೆ ಸರಿದು ಬಂದ.

ಆ ವಾರವೇ ಅವರು ಊರಿಗೆ ಹೋಗಿ ಮಗನ ಕಾರ್ಯ ಮಾಡಿ ಮುಗಿಸಿದರು. ಹೆಣ ಸಿಗಲಿಲ್ಲವೆಂದು ಅಲ್ಲಿಯತನಕ ಗಂಗವ್ವ ಮಾಡಗೊಟ್ಟಿರಲಿಲ್ಲ. ನಮ್ಮಿಬ್ಬರಿಗೂ ಕರೆ ಬಂದಿತ್ತು. ನಾನು ಹೋಗಿ ಉಂಡು ಬಂದೆ. ಬಸ್ತ್ಯಾಂವ ಬರಲಿಲ್ಲ.

ಶಿಬಿರ ಮುಂದೆಯೂ ಕೆಲವು ವರ್ಷ ನಡೆಯಿತು. ಆಮೇಲೆ ನಾವು ಒಂದು ಪದ್ಧತಿ ಇಟ್ಟುಕೊಂಡೆವು. ಹಗ್ಗಕ್ಕೆ ಕಾಲಿಡುವ ಮೊದಲು ಪ್ರತಿಯೊಬ್ಬರ ಜೊತೆ ಒಂದಿಷ್ಟು ಹೊತ್ತು ಕೂತು, ಇಲ್ಲಿಗೇ ಯಾಕೆ ಬಂದಿರಿ ಎಂದು ಕೇಳುವುದು. ಕೆಲವರು ನಗುತ್ತಿದ್ದರು, ಕೆಲವರು ಎದ್ದು ಹೋಗುತ್ತಿದ್ದರು. ಹೇಳಿದವರ ಮಾತನ್ನು ಕೇಳಿಸಿಕೊಳ್ಳುತ್ತಿದ್ದೆವು. ಹಗ್ಗ ಎಷ್ಟು ಭಾರ ತಡೆಯುತ್ತದೆ ಎಂದು ಲೆಕ್ಕ ಹಾಕುವುದನ್ನು ಸೈನ್ಯ ನನಗೆ ಕಲಿಸಿತ್ತು. ದೊಡ್ಡವರು ಕಾಡಿಗೆ, ಹೊಳೆಗೆ ಬರುವಾಗ ಬರಿಗೈಯಲ್ಲಿ ಬರುವುದಿಲ್ಲ ಎಂಬುದನ್ನು ಈ ಉದ್ಯೋಗ ಕಲಿಸಿತು. ಅವರು ಹೊತ್ತು ತಂದದ್ದನ್ನು ನಾವು ಇಳಿಸಲಾರೆವು. ಅವರ ಪರವಾಗಿ ಓ ಎನ್ನಲೂ ಬಾರದು. ಜೊತೆಗೆ ನಿಂತು, ಅವರ ಹಗ್ಗದ ತುದಿಯನ್ನು ನಮ್ಮ ಮೈಗೆ ಸುತ್ತಿಕೊಂಡಿರಬಹುದು.

ಬಸ್ತ್ಯಾಂವ ತೀರಿಕೊಳ್ಳುವತನಕ ನನ್ನ ಜೊತೆ ಕೆಲಸ ಮಾಡಿದ. ಆದರೆ ಹೊಳೆಯ ಆಚೆಯಿಂದ ನಾನು ಹೆಸರು ಹಿಡಿದು ಕೂಗಿದರೆ ಅವನು ಎಂದೂ ತಿರುಗಿ ಓ ಎನ್ನಲಿಲ್ಲ. ಇದ್ದಲ್ಲಿಂದ ಎದ್ದು, ಬಂಡೆಯ ಮರೆ ಬಿಟ್ಟು ಮುಂದೆ ಬಂದು, ಕರೆದವನು ನಾನೇ ಎಂದು ಕಣ್ಣಿನಿಂದ ನೋಡಿ, ಆಮೇಲೆ ಕೈ ಎತ್ತುತ್ತಿದ್ದ.